ಎಲ್ಲರೆದುರು ಓದುವ ಅಂಕ

ನವೆಂಬರ್ ೬, ೧೯೮೭

ಬೇಕರಿಯ ಹಿಟ್ಟು ಬೇಗ ಕಲಸಿಟ್ಟು ಪಾಲಕರ ಸಭೆಗೆ ಓಡಿದೆ. ಎಂದಿನಂತೆ ಮಗಳು ನೇದಾಳ ಬೆಂಚಿನಲ್ಲಿ ಕೂತೆ. ಮಂಡಿ ಮೇಜಿಗೆ ತಾಗುತ್ತದೆ. ಎಂದಿನಂತೆ ಸ್ಟಾನಾ ಟೀಚರ್ ಎಲ್ಲ ಮಕ್ಕಳ ಅಂಕ ಎಲ್ಲರೆದುರು ಗಟ್ಟಿಯಾಗಿ ಓದಿದರು. "ನೇದಾ. ಗಣಿತ, ಒಂದು." ಐದಕ್ಕೆ ಒಂದು. ಎರಡಾದರೂ ಬಂದಿದ್ದರೆ ಪಾಸು.

ಕಟುಕ ರಾಟ್ಕೊ, ಪಾಲಕರ ಸಮಿತಿ ಅಧ್ಯಕ್ಷ, ಲೊಚಗುಟ್ಟಿದ. ಅವನ ಮಗಳಿಗೆ ಎಲ್ಲದರಲ್ಲೂ ಐದು. ಮೈ ಉರಿದುಹೋಯಿತು.

ನವೆಂಬರ್ ೭

ಬೇಕರಿಗೆ ಬಂದವರೆಲ್ಲ ಕೇಳುವವರೇ. "ಪಾಪ, ನೇದಾಗೆ ಒಂದಂತೆ?"

"ಬುರೆಕ್ ಚೀಸಿಂದೋ ಮಾಂಸದ್ದೋ? ಅಷ್ಟು ಹೇಳಿ ಸಾಕು" ಎಂದೆ.

ಸಂಜೆ ನೇದಾ ಊಟ ಮುಟ್ಟಲಿಲ್ಲ. "ಅಮ್ಮಾ, ಇನ್ನೊಂದ್ಸಲ ಎಲ್ಲರ ಮುಂದೆ ಓದಿದ್ರೆ ನಾನು ಶಾಲೆಗೇ ಹೋಗಲ್ಲ."

ಹನ್ನೆರಡು ವರ್ಷ. ಹೇಳಿದ್ದನ್ನು ಮಾಡುವವಳು... ನನ್ನ ಮಗಳಲ್ಲವೇ. ಇನ್ನೊಮ್ಮೆ ಓದಲು ಬಿಡುವುದಿಲ್ಲ. ಬಿಡುವುದೇ ಇಲ್ಲ.

ನವೆಂಬರ್ ೧೦

ಟೀಚರ ಹತ್ತಿರ ಹೋದೆ. ಮಗುವಿನ ಅಂಕ ನನಗೊಬ್ಬಳಿಗೇ ಹೇಳಿ ಎಂದೆ.

"ನಾಚಿಕೆ ಆದ್ರೆ ತಾನೇ ಕಲಿಯೋದು? ನಿಂದೂ ಹೀಗೇ ಓದ್ತಿದ್ದೆ, ರಾದೊಯ್ಕಾ. ನಿಮ್ಮಮ್ಮ ತಲೆ ತಗ್ಗಿಸಿ ಕೂರ್ತಿದ್ರು."

ಹೌದು, ಕೂರುತ್ತಿದ್ದಳು. ಮನೆಗೆ ಬಂದು ಸೌಟಿನಲ್ಲಿ ಬಾರಿಸುತ್ತಿದ್ದಳು. ಗಣಿತ ಕಲಿತೆನೇ? ಸೌಟಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತೆ.

ವಾಪಸು ಬರುವಾಗ ಒಂದು ಹೊಳೆಯಿತು. ಈ ಊರಲ್ಲಿ ಸ್ಟಾನಾ ಟೀಚರ ಕೈಯಲ್ಲಿ ಕಲಿಯದ ಅಪ್ಪ-ಅಮ್ಮ ಯಾರಿದ್ದಾರೆ?

ನವೆಂಬರ್ ೨೩

ನೇದಾ ದಿನಾ ಭಿನ್ನರಾಶಿ ಮಾಡುತ್ತ ಕೂರುತ್ತಾಳೆ. ಇವತ್ತು ನನ್ನ ಸಹಾಯ ಕೇಳಿದಳು. ಮಾಡಿದೆ. ಅದೂ ತಪ್ಪಾಯಿತು.

ಡಿಸೆಂಬರ್ ೨೯

ಸಭೆ. ಈ ಸಲದ ಅಂಕ ಟೀಚರ್ ಮಕ್ಕಳಿಗೂ ಹೇಳಿರಲಿಲ್ಲ. ಕನ್ನಡಕ ಏರಿಸಿದರು. ಎದ್ದು ನಿಂತೆ.

"ಮಕ್ಕಳದ್ದು ಆಮೇಲೆ ಓದಿ ಟೀಚರ್. ಮೊದಲು ನಮ್ಮದು ಓದಿ. ನನಗೆ ಗಣಿತದಲ್ಲಿ ಒಂದು. ನಮ್ಮ ಅಧ್ಯಕ್ಷರಿಗೆ ಎಷ್ಟಿತ್ತು?"

ರಾಟ್ಕೊನ ಮುಖ ಅವನಂಗಡಿಯ ಮಾಂಸದಷ್ಟು ಕೆಂಪಾಯಿತು. "ಏಯ್, ಈಗ್ಯಾಕೆ ಅದೆಲ್ಲ?"

"ಯಾಕಪ್ಪಾ, ನಾಚಿಕೆ ಆದ್ರೆ ತಾನೇ ಕಲಿಯೋದು?"

ಹಿಂದಿನ ಬೆಂಚಿನಿಂದ ಲಾರಿ ಡ್ರೈವರ್ ಮಿಲೊಯೆ: "ಭೂಗೋಳದಲ್ಲಿ ನಂಗೂ ಒಂದೇ! ಈಗ ಮ್ಯೂನಿಕ್‌ವರೆಗೂ ಲಾರಿ ಓಡಿಸ್ತೀನಿ. ಒಂದ್ಸಲಾನೂ ದಾರಿ ತಪ್ಪಿಲ್ಲ!"

ಕೋಣೆಯೆಲ್ಲ ನಗು. ಟೀಚರ್ ನಗಲಿಲ್ಲ. ಅಂಕದ ಪುಸ್ತಕ ಮುಚ್ಚಿದರು. ಆಮೇಲೆ, "ಎಲ್ಲರೂ ಹೊರಗೆ ನಿಂತ್ಕೊಳಿ. ಒಬ್ಬೊಬ್ಬರೇ ಬನ್ನಿ" ಎಂದರು.

ಗೆದ್ದೆ!

ನನ್ನ ಸರದಿ ಬಂತು. ಟೀಚರ್ ದನಿ ತಗ್ಗಿಸಿದರು. "ನೇದಾ. ಗಣಿತ, ಎರಡು. ಪಾಸು. ಎಲ್ಲರೆದುರು ಓದೋಣ ಅಂತ ಕಾಯ್ತಿದ್ದೆ ಕಣೇ."

ಅಯ್ಯೋ ದೇವರೇ... ಹಾಗಾದರೆ ಓದಿಬಿಡಿ ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಮಿಕ್ಕ ಮಕ್ಕಳೂ ಇದ್ದಾರಲ್ಲ. ನಾನೇ ಹಾಕಿದ ಕಟ್ಟು, ನಾನೇ ಮುರಿಯಲೇ?

ಬೀದಿಯುದ್ದಕ್ಕೂ ಕೂಗಬೇಕೆನಿಸಿತು. ರಾಟ್ಕೊನ ಅಂಗಡಿ ಮುಂದಂತೂ... ಕೂಗಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ನೇದಾಳ ಕಿವಿಯಲ್ಲಿ ಹೇಳಿದೆ. ನಂಬಲಿಲ್ಲ. ಮತ್ತೆ ಹೇಳಿಸಿಕೊಂಡಳು, ಮತ್ತೆ.

ಇದನ್ನು ಬರೆಯುವಷ್ಟರಲ್ಲಿ ಕಿಟಕಿ ತೆರೆದಿದ್ದಾಳೆ. ಇಷ್ಟು ಚಳಿಯಲ್ಲಿ! ಬೀದಿಗೆಲ್ಲ ಕೇಳುವಂತೆ ತಾನೇ ಕೂಗುತ್ತಿದ್ದಾಳೆ— "ಎರಡು! ನಂಗೆ ಗಣಿತದಲ್ಲಿ ಎರಡು!"