ಮುಖವಿಲ್ಲದ ನಿನ್ನ ಚಿತ್ರ

ಪ್ರೀತಿಯ ಅಸ್ಮತ್,

ಮಾನ್ವಿಯ ನಿಮ್ಮ ಮನೆಯ ನಡುಮನೆಯಲ್ಲಿ ಈಗ ನಿನ್ನದೊಂದು ಚಿತ್ರವಿದೆ. ಅದರಲ್ಲಿ ನೀನಿಲ್ಲ. ತೆಗೆದವಳು ನಾನು. ತೆಗೆಯುವಾಗ ನಿನ್ನನ್ನು ಕೇಳಬೇಕೆಂದು ಎಷ್ಟೋ ಸಲ ಹಿಂತಿರುಗಿ ನೋಡಿದೆ. ಕೇಳಲಾಗಲಿಲ್ಲ. ಅದು ಹೇಗಾಯಿತೆಂದು ಈಗಾದರೂ ಹೇಳುತ್ತೇನೆ.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ, ಬಳೆ ಅಂಗಡಿಯ ಮೇಲಿನ ಒಂದೇ ಒಂದು ಕೋಣೆಯನ್ನು ನಾವಿಬ್ಬರೂ ಸ್ಟುಡಿಯೋ ಎಂದು ಕರೆದೆವು. ಮದುವೆ ಫೋಟೋ ತೆಗೆಯುವವರು ಊರ ತುಂಬ ಇದ್ದರು. ನಾವು ಸಾಮಾನುಗಳ ಫೋಟೋ ತೆಗೆಯುತ್ತೇವೆಂದೆವು. ಸಿರವಾರದ ವ್ಯಾಪಾರಿಗಳ ಅಕ್ಕಿ, ಮೊಬೈಲಿನಲ್ಲಿ ಮಾರುವವರ ಸೀರೆ, ಉಪ್ಪಿನಕಾಯಿ ಭರಣಿ. ಅಕ್ಕಿ ಬೆಳ್ಳಗೆ ಕಾಣಲೆಂದು ನಾನು ಎರಡೂ ದೀಪಗಳನ್ನು ಎದುರಿಗಿಟ್ಟರೆ ನೀನು ಒಂದನ್ನು ಆರಿಸಿ, ಇನ್ನೊಂದನ್ನು ಪಕ್ಕಕ್ಕೆ ಎಳೆಯುತ್ತಿದ್ದೆ. "ಎದುರಿನ ಬೆಳಕಿಗೆ ಸಾಮಾನು ಕಾಣತದ ಬೇ ಶಶಿ. ಪಕ್ಕದ ಬೆಳಕಿಗೆ ಅದರ ಹಿಂದಿನ ಕಥಿ ಕಾಣತದ." ಅಕ್ಕಿಗೆಂಥ ಕಥೆ ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ನೀನು ಹಲಗೆಯ ಮೇಲೆ ಒಂದು ಹಿಡಿ ಚೆಲ್ಲಿ, ಕಾಳುಗಳ ನೆರಳು ಉದ್ದವಾಗುವವರೆಗೆ ದೀಪವನ್ನು ಕೆಳಗಿಳಿಸುತ್ತಿದ್ದೆ. ಆಗ ಅದು ಮಾರಾಟದ ಅಕ್ಕಿಯಾಗಿ ಉಳಿಯುತ್ತಿರಲಿಲ್ಲ, ಯಾರೋ ಬಾಗಿ ನಾಟಿ ಹಚ್ಚಿದ ಅಕ್ಕಿಯಾಗುತ್ತಿತ್ತು. ನನ್ನವ್ವ ಗೋಪಮ್ಮ ಕಾಲುವೆ ಬದಿಯ ಗದ್ದೆಗಳಲ್ಲಿ ನಾಟಿ ಹಚ್ಚಿಯೇ ನನ್ನನ್ನು ಓದಿಸಿದವಳೆಂಬುದು ನಿನಗೆ ಗೊತ್ತಿತ್ತು.

ದೇವದುರ್ಗದ ಸೂಗಪ್ಪ ಬಂದದ್ದು ಆಮೇಲೆ. ಅವನ ಹೆಂಡತಿ ಹಂಪಮ್ಮ ತೀರಿಕೊಂಡಿದ್ದಳು. ಇದ್ದೊಂದು ಫೋಟೋ ಮತದಾರರ ಚೀಟಿಯದು, ಅದರಲ್ಲಿ ಅವಳ ಗುರುತೇ ಸಿಗುತ್ತಿರಲಿಲ್ಲ. ಅದನ್ನೇ ದೊಡ್ಡದು ಮಾಡಿಕೊಡಿ ಎಂದ. ಮಾಡಲಾಗದೆಂದು ನಾನು ಹೇಳುವಷ್ಟರಲ್ಲಿ ನೀನು, "ಅವ್ರು ಎಲ್ಲಿ ಕುಂದ್ರತಿದ್ರು, ಏನು ಮಾಡತಿದ್ರು?" ಎಂದು ಕೇಳಿದೆ. ಮರುದಿನ ನಾವು ದೇವದುರ್ಗದ ಬಸ್ಸಿನಲ್ಲಿದ್ದೆವು. ಅವಳು ಕಾಳು ಕೇರುತ್ತಿದ್ದ ಮೊರ, ಅಡಕಿ ಚೀಲ, ಕೌದಿ ಹೊಲಿಯುವ ಸೂಜಿ, ಅರ್ಧಕ್ಕೆ ನಿಂತ ಕೌದಿ. ನಾನು ಅವನ್ನೆಲ್ಲ ನಡುವೆ ಜೋಡಿಸಿದೆ. ನೀನು ಎಲ್ಲವನ್ನೂ ಒಂದು ಮಗ್ಗುಲಿಗೆ ಸರಿಸಿ, ಚೌಕಟ್ಟಿನ ಅರ್ಧವನ್ನು ಖಾಲಿ ಬಿಟ್ಟೆ. ಬಾಗಿಲ ಬೆಳಕು ಆ ಖಾಲಿ ನೆಲದ ಮೇಲೆಯೇ ಬಿದ್ದಿತ್ತು. ಚಿತ್ರ ಕೈಗೆ ಬಂದಾಗ ಸೂಗಪ್ಪ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲೇ ಕುಂದ್ರತಿದ್ಲು" ಎಂದ. ವಾಪಸ್ಸು ಬರುವಾಗ ನೀನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದೆ.

ಮಳೆಗಾಲದ ಕೊನೆಗೆ ನಿನಗೆ ಜ್ವರ ಬಂತು. ಎರಡು ದಿನ ಅಮ್ಮನ ಕೈಯೂಟ ಉಂಡು ಬರುತ್ತೇನೆಂದು ನೀನು ಮಾನ್ವಿಗೆ ಹೋದೆ. ಡೆಂಗಿ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ನಾನು ಆಸ್ಪತ್ರೆ ತಲುಪಿದಾಗ ನಿನ್ನಮ್ಮ ಹೊರಗಿನ ಬೆಂಚಿನ ಮೇಲೆ ನಿನ್ನ ಕನ್ನಡಕ ಹಿಡಿದುಕೊಂಡು ಕೂತಿದ್ದರು. ಕನ್ನಡಕ ಅವರ ಕೈಯಲ್ಲಿರುವುದನ್ನು ಕಂಡು ನನಗೆ ತಿಳಿಯಿತು.

ಕೆಲವು ತಿಂಗಳ ಮೇಲೆ ಅವರೇ ಫೋನ್ ಮಾಡಿದರು. "ನಮ್ಮ ಮನ್ಯಾಗ ಮುಖದ ಫೋಟೋ ತೂಗು ಹಾಕೂದಿಲ್ಲವ್ವಾ. ಆದ್ರ ಖಾಲಿ ಗ್ವಾಡಿ ನೋಡಿದ್ರ ಎದಿ ಹಿಂಡತದ. ದೇವದುರ್ಗದಾಕಿಗೆ ಮಾಡಿದ್ರಂತಲ್ಲ, ಹಂಗ ನನ್ನ ಮಗಳಿಗೂ ಒಂದು ಮಾಡಿಕೊಡು."

ನಾನು ಮುಂಜಾನೆಯೇ ಹೋದೆ. ನಿನ್ನ ಕೋಣೆಯ ಕಿಟಕಿ ಮೂಡಣಕ್ಕಿದೆ. ಕುರ್ಚಿಯನ್ನು ಬಾಗಿಲ ಕಡೆ ತುಸು ತಿರುಗಿಸಿದೆ. ಅದರ ಬೆನ್ನಿಗೆ ನಿನ್ನ ಹಳದಿ ದುಪಟ್ಟಾ ಜಾರುವಂತೆ ಹಾಕಿದೆ. ಮೇಜಿನ ಮೇಲೆ ಕನ್ನಡಕವನ್ನು ಕಡ್ಡಿ ಬಿಚ್ಚಿ ಇಟ್ಟೆ. ಅಡುಗೆಮನೆಗೆ ಹೋಗಿ ಚಹಾ ಕಾಯಿಸಿ ನಿನ್ನ ಲೋಟಕ್ಕೆ ಸುರಿದು, ಬೆಳಕು ಹಿಂದಿನಿಂದ ಬರುವಂತೆ ಇಟ್ಟಾಗ ಹಬೆ ಬೆಳ್ಳಗೆ ಎದ್ದು ಕಂಡಿತು. ಯಾರೋ ಈಗಷ್ಟೇ ಎದ್ದು ಆಚೆ ಹೋದಂತಿತ್ತು. ಅಷ್ಟು ಜೀವವಿರುವ ಚಿತ್ರವನ್ನು ನಾನು ಈವರೆಗೆ ತೆಗೆದಿರಲಿಲ್ಲ, ಅಸ್ಮತ್. ನೀನಿದ್ದರೆ ನನ್ನ ಬೆನ್ನಿಗೊಂದು ಗುದ್ದುತ್ತಿದ್ದೆ.

ಕಟ್ಟು ಹಾಕಿಸಿ ಒಯ್ದುಕೊಟ್ಟಾಗ ನಿನ್ನಮ್ಮ ಬಹಳ ಹೊತ್ತು ನೋಡಿದರು. ಆಮೇಲೆ, "ಈ ಚಾ ಯಾರು ಕುಡೀಬೇಕವ್ವಾ?" ಎಂದರು.

ಅವರು ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಒರಗಿಸಿಟ್ಟರು. "ಚಂದ ಆಗ್ಯಾದ. ಆದ್ರ ನೋಡಿದ್ರ ಈಗ ಒಳಗ ಬರತಾಳ ಅನಸ್ತದ. ದಿನಾ ಎದ್ದು ನಾ ಹ್ಯಾಂಗ ಕಾಯಲಿ?"

ರಾಯಚೂರಿನ ಬಸ್ಸು ಹಿಡಿದೆ, ಪತ್ರಿಕೆಯಲ್ಲಿ ಸುತ್ತಿದ ಚಿತ್ರ ತೊಡೆಯ ಮೇಲಿತ್ತು. ಮೊದಲು ಸಿಟ್ಟು ಬಂತು. ಗದ್ದೆಗಳು ಕಳೆದಂತೆ ಸಿಟ್ಟೂ ಕಳೆಯಿತು. ಕಾಯುತ್ತಿದ್ದವಳು ನಾನು. ಸ್ಟುಡಿಯೋದಲ್ಲಿ ನಿನ್ನ ಚಪ್ಪಲಿಯನ್ನು ಇನ್ನೂ ಜಾಗದಿಂದ ಕದಲಿಸಿರಲಿಲ್ಲ. ಗಿರಾಕಿಗಳು ಕೇಳಿದರೆ ಊರಿಗೆ ಹೋಗಿದ್ದಾಳೆ ಎನ್ನುತ್ತಿದ್ದೆ. ನನಗೆ ಬೇಕಾದ ಚಿತ್ರವನ್ನು ಅವರ ಗೋಡೆಗೆ ತೂಗಹಾಕಲು ಹೋಗಿದ್ದೆ.

ಎರಡನೆಯ ಚಿತ್ರ ತೆಗೆಯಲು ಹೋಗುವುದಕ್ಕೆ ನನಗೆ ಧೈರ್ಯ ಬೇಕಾಯಿತು. ಅಷ್ಟರಲ್ಲಿ ನಿನ್ನಮ್ಮ ಕೋಣೆ ಗುಡಿಸಿದ್ದರು. ದುಪಟ್ಟಾ ತೊಳೆದು ಮಡಚಿಟ್ಟಿದ್ದರು. ಲೋಟ ತೊಳೆದು ಮಗುಚಿಟ್ಟಿದ್ದರು. ಕನ್ನಡಕದ ಕಡ್ಡಿಗಳು ಮಡಚಿದ್ದವು. ಕುರ್ಚಿ ಅಲ್ಲಿರಲಿಲ್ಲ. "ನಾ ಬಳಸಾಕತ್ತೀನಿ. ಮಣಕಾಲ ನೋವು, ಅದರ ಮ್ಯಾಲ ಕುಂತೇ ನಮಾಜ್ ಮಾಡತೀನಿ" ಎಂದರು.

ಲೋಟವನ್ನು ಎತ್ತಿ ನೆಟ್ಟಗಿಡಲು ನನ್ನ ಕೈ ಹೋಯಿತು. ತಡೆದುಕೊಂಡೆ. ಹಂಪಮ್ಮನಿಗೆ ನೀನು ಕೂರಲು ಜಾಗ ಬಿಟ್ಟಿದ್ದೆ. ನಾನು ನಿನಗೆ ಬಿಡಲಿಲ್ಲ. ದುಪಟ್ಟಾ, ಲೋಟ, ಕನ್ನಡಕ ಮೂರನ್ನೂ ಒಂದಕ್ಕೊಂದು ತಾಗುವಂತೆ ನಡುವೆ ಇಟ್ಟೆ, ನಡುವೆ ಯಾರೂ ನುಸುಳದ ಹಾಗೆ. ಬಾಗಿಲನ್ನು ಎಳೆದು ಮುಚ್ಚಿದೆ. ಸೂರ್ಯ ಆಚೆ ಬದಿಗೆ ಹೋಗಿದ್ದ, ಕಿಟಕಿಯಲ್ಲಿ ಬರೀ ಸಂಜೆಯ ಮೆತ್ತನೆ ಬೆಳಕು ಉಳಿದಿತ್ತು. ಅದರಲ್ಲಿ ಯಾವುದೂ ಹೊಳೆಯಲಿಲ್ಲ, ಯಾವುದೂ ಯಾರನ್ನೂ ಕರೆಯಲಿಲ್ಲ. ದುಪಟ್ಟಾದ ಮಡಿಕೆಗಳಲ್ಲಿ ತೆಳು ನೆರಳು ಕೂತಿತ್ತು, ಅಷ್ಟೇ. ಕ್ಯಾಮೆರಾದ ಹಿಂದೆ ನಿಂತು ನಾನು ಬಹಳ ಹೊತ್ತು ಗುಂಡಿ ಒತ್ತಲಿಲ್ಲ.

ಒತ್ತಿದ ಮೇಲೆ ನಿನ್ನಮ್ಮ ಹಿಂದಿನಿಂದ, "ಆತೇನವ್ವಾ?" ಎಂದರು.

"ಆತ್ರಿ ಅಮ್ಮಾ" ಎಂದೆ. ಎಂದ ಮೇಲೆಯೇ ನಾನು ಯಾವುದನ್ನು ಮುಗಿಯಿತು ಎಂದೆನೆಂದು ನನಗೆ ತಿಳಿದದ್ದು. ನೀನು ಹೋದ ದಿನ ಬಾರದ ಅಳು ಆಗ ಬಂತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು, ತಾವೂ ಅತ್ತರು.

ಆ ಚಿತ್ರವನ್ನೇ ಗೋಡೆಗೆ ಹಾಕಿದ್ದಾರೆ. ಮೊನ್ನೆ ಹೋದಾಗ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಇಷ್ಟ ದಿನ ಆಕಿ ಬರೂ ಹಾದಿ ನೋಡಾಕತ್ತಿದ್ದೆ. ಆಕಿಗಂತ ದುಆ ಮಾಡೂದ ಮರತಿದ್ದೆ. ಈಗ ಮಾಡತೀನಿ" ಎಂದರು.

ನಾನೂ ಕಲಿಯುತ್ತಿದ್ದೇನೆ. ನಮ್ಮ ಕಡೆ ಬಾಗಿಲಲ್ಲಿ ನಿಂತು ಯಾರನ್ನೂ ಬರೀ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಈ ಸಲ ನಿನ್ನನ್ನು ಬಾ ಎನ್ನುವುದಿಲ್ಲ, ಗೆಳತಿ. ನೆಮ್ಮದಿಯಿಂದ ಹೋಗು.

ನಿನ್ನ
ಶಶಿಕಲಾ