ಕುಂಡಗಳ ಹಿಂದಿನ ದಾರಿ

ಗುರುವಾರ, ಸಂಜೆ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಡಾಂಬರು ರಸ್ತೆಯ ಮೇಲೆ ಒದ್ದೆ ಹೆಜ್ಜೆಗಳು ಕಂಡವು. ಬರಿಗಾಲಿನವು, ಅಂಚಿಗೆ ಮರಳು ಮೆತ್ತಿಕೊಂಡಿತ್ತು. ದೊಡ್ಡ ಹೋಟೆಲಿನ ಕಾಂಪೌಂಡಿನ ಬುಡದಿಂದಲೇ ಶುರುವಾಗಿದ್ದವು, ಯಾರೋ ಗೋಡೆಯೊಳಗಿಂದ ನಡೆದು ಬಂದ ಹಾಗೆ.

ಪ್ರವಾಸಿ ಮಾಹಿತಿ ಕಚೇರಿಯಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಸಮುದ್ರಕ್ಕೆ ದಾರಿ ಕೇಳಿದವರಿಗೆಲ್ಲ ಬಂಡೆಯ ಪಕ್ಕದ ಕಡಿದಾದ ಮೆಟ್ಟಿಲು ತೋರಿಸುತ್ತೇನೆ. ನಕ್ಷೆಯಲ್ಲಿರುವುದು ಅದೊಂದೇ, ಉಳಿದ ದಡಕ್ಕೆಲ್ಲ ಹೋಟೆಲುಗಳು ಅಡ್ಡ ನಿಂತಿವೆ. ನಿನ್ನ ಮಂಡಿಗೆ ಆ ಮೆಟ್ಟಿಲು ಆಗದ ಮಾತು. ಅದಕ್ಕೇ, ಭಾನುವಾರ ನೀನು ಬಂದಾಗ ಮೆಟ್ಟಿಲಿನ ತುದಿಯ ಕಟ್ಟೆಯ ಮೇಲೆ ಕೂತು ನೋಡೋಣ ಎಂದು ಬರೆದಿದ್ದೆ. ನೀನು ಫೋನ್ ಮಾಡಿ, "ನೋಡೋದಕ್ಕಾದ್ರೆ ಮನೇಲಿ ಕ್ಯಾಲೆಂಡರ್ ಇಲ್ವೇನೆ? ಒಂದ್ಸಲ ನನ್ನ ಕಾಲು ನೆನೀಬೇಕು" ಅಂದೆ.

ಹೆಜ್ಜೆಗಳ ಜಾಡು ಹಿಡಿದು ಹಿಂದಕ್ಕೆ ಹೋದೆ. ಹೋಟೆಲಿಗೂ ಪಕ್ಕದ ಲಾಂಡ್ರಿಗೂ ನಡುವೆ ಒಂದು ಓಣಿ, ಅದರ ಬಾಯಿಗೆ ಅಡ್ಡವಾಗಿ ಎರಡು ದೊಡ್ಡ ಸಿಮೆಂಟ್ ಕುಂಡ. ಅವುಗಳ ನಡುವೆ ಮೈ ಓರೆ ಮಾಡಿಕೊಂಡು ನಮ್ಮ ಹಲ್ಲಿನ ಡಾಕ್ಟರಮ್ಮ ನುಸುಳಿ ಬಂದರು. ಹೆಗಲ ಮೇಲೆ ಟವೆಲು, ಮರಳಲ್ಲಿ ಮರೆತು ಹಿಂತಿರುಗಿ ತಂದ ಚಪ್ಪಲಿ ಕೈಯಲ್ಲಿ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನೇ, ಬಾಯಿ ಬಿಟ್ಕೊಂಡು ನಿಂತಿದ್ದೀಯ? ಹಲ್ಲು ನೋಡ್ಬೇಕಾ?" ಅಂದರು. ಆಮೇಲೆ ಗಿಡದ ಎಲೆ ಸರಿಸಿ, ಗೋಡೆಯಲ್ಲಿ ಕೂರಿಸಿದ ಕಲ್ಲು ತೋರಿಸಿದರು: ಸಾರ್ವಜನಿಕ ದಾರಿ, ನಗರಸಭೆ. "ದಾರಿ ಊರಿಂದು, ಕುಂಡ ಹೋಟೆಲಿನವರದ್ದು. ನಾನಿನ್ನೂ ಸಣ್ಣಗಿದೀನಿ, ತೂರ್ತೀನಿ. ಇನ್ನೊಂದು ವರ್ಷ ಹೋದ್ರೆ ಕಷ್ಟ."

ನಾನೂ ತೂರಿದೆ. ಅಮ್ಮ, ಒಂದೇ ಒಂದು ಮೆಟ್ಟಿಲೂ ಇಲ್ಲ. ದಾರಿ ನಿಧಾನಕ್ಕೆ ಇಳಿದು ಮರಳಿಗೆ ಸೇರಿಕೊಳ್ಳುತ್ತದೆ. ಆದರೆ ಕೋಲು ಹಿಡಿದವರು ಆ ಕುಂಡಗಳ ನಡುವೆ ತೂರುವುದುಂಟೇ?

ಈ ದಾರಿಯನ್ನೂ ನಕ್ಷೆಗೆ ಹಾಕಬಹುದಾ ಎಂದು ಕಚೇರಿಯಲ್ಲಿ ಸಾಹೇಬರನ್ನು ಕೇಳಿದೆ. ಎರಡನೇ ಸಲ ಕೇಳಿದ ಮೇಲೆ ಅವರಿಗೆ ಕೇಳಿಸಿತು. "ನಕ್ಷೆಯ ಹಿಂದೆ ಯಾರ ಜಾಹೀರಾತಿದೆ ನೋಡಮ್ಮ. ಅವರ ಬಾಗಿಲಲ್ಲೇ ಜನ ಓಡಾಡಿಸೋಕಾಗುತ್ತಾ? ಮೆಟ್ಟಿಲು ತೋರಿಸು, ಸಾಕು" ಅಂದರು. ಬಯ್ಯಲಿಲ್ಲ, ಬಿಸ್ಕತ್ತನ್ನೂ ಕೊಟ್ಟರು. ಮಧ್ಯಾಹ್ನ ಒಬ್ಬರು ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದು ದಾರಿ ಕೇಳಿದರು. ಸಾಹೇಬರು ಅಲ್ಲೇ ಇದ್ದರು. ನಾನು ಮೆಟ್ಟಿಲು ತೋರಿಸಿದೆ. ಆ ಅಜ್ಜಿ ನಕ್ಷೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಥ್ಯಾಂಕ್ಸ್ ಬೇರೆ ಹೇಳಿದರು.

ಹೊಸ ನಕ್ಷೆ ನಾಳೆ ಅಚ್ಚಿಗೆ ಹೋಗುತ್ತದೆ. ಸಾಹಿತ್ಯ ಓದಿದವಳೆಂದು ಕರಡು ತಿದ್ದುವ ಕೆಲಸ ನನ್ನದೇ. ಕಾಗುಣಿತವೆಲ್ಲ ಸರಿಯಿದೆ, ದಾರಿಯೊಂದು ಬಿಟ್ಟುಹೋಗಿದೆ. ಅದನ್ನು ಸೇರಿಸಿ, ಪಕ್ಕದಲ್ಲಿ ನನ್ನ ಸಹಿ ಹಾಕಿ, ಸಾಹೇಬರ ಮೇಜಿನ ಮೇಲಿಟ್ಟೇ ಅಚ್ಚಿಗೆ ಕಳಿಸುತ್ತೇನೆ. ಕೆಲಸ ಹೋದರೆ ನಿನ್ನ ಜೊತೆಗೇ ಬಸ್ಸು ಹತ್ತುತ್ತೇನೆ, ದಾರಿಯುದ್ದಕ್ಕೂ ಬಯ್ಯಬಾರದು.

ಭಾನುವಾರ ಬಾ. ಕೋಲು ಮರೆಯಬೇಡ.

ನಿನ್ನ
ಗುಮ್ಮನಗುಸಕಿ

ತಾ.ಕ.: ಅಕ್ಷರ ಸೊಟ್ಟಗಿದ್ದರೆ ಬೇಸರಪಡಬೇಡ, ಅಂಗೈ ಸುಲಿದಿದೆ. ಸಿಮೆಂಟ್ ಕುಂಡ ಕಾಣುವುದಕ್ಕಿಂತ ಭಾರ. ಕಚೇರಿ ಮುಗಿದ ಮೇಲೆ ಒಂದನ್ನು ಪಕ್ಕಕ್ಕೆ ಸರಿಸಿದೆವು, ಇನ್ನೊಂದು ಬದಿಯನ್ನು ಡಾಕ್ಟರಮ್ಮ ಹಿಡಿದಿದ್ದರು. ಗಾಲಿಕುರ್ಚಿಯ ಅಜ್ಜಿಯನ್ನು ಆ ಕಟ್ಟೆಯ ಹತ್ತಿರ ಹುಡುಕಿ ಕರೆತಂದೆವು. ಅವರ ಕಾಲು ನೆನೆಯಿತು.