ಎರಡು ಮೈಕಿನ ಪದ

ತಂಬ್ರಹಳ್ಳಿ
ಬುಧವಾರ, 12-2-2025

ತಂಗಿ ಶೃತಿಗೆ, ಅಕ್ಕ ಸಿದ್ದಮ್ಮ ಬರಿಯೋದು.

ಹೆಂಗದಿ? ಹುಬ್ಬಳ್ಳಿ ನೀರು ಒಗ್ಗೈತಾ? ನಿಂಗ ಧೂಳು ಆಗಿಬರಂಗಿಲ್ಲ. ಪ್ರೋಗ್ರಾಮಿಗೆ ಹೋಗುವಾಗ ಕಿಟಕಿ ಕಡಿ ಕುಂದ್ರಬ್ಯಾಡ, ಕುಂತ್ರೂ ಕೊಳ್ಳಿಗೆ ವಸ್ತ್ರ ಸುತ್ತಿಕೋ. ಹಾಡೋ ಮುಂಚೆ ಐಸ್ ನೀರು ಕುಡಿಯೋ ಚಟ ಬಿಟ್ಟಿಯೋ ಇಲ್ಲೋ. ಇಲ್ಲಿ ಅವ್ವ ಅಡ್ಡಿಯಿಲ್ಲ, ಮೊಣಕಾಲು ನೋವು ಅಂತ ಕುಂತಲ್ಲೇ ಕುಂತಿರ್ತಾಳ, ಬಾಯಿ ಮಾತ್ರ ಮೊದಲಿನಂಗ ಐತಿ. ನಿಮ್ಮ ಮಾಮ ಕೂಡ್ಲಿಗಿ ಕಡಿ ಒಂದು ಭಜನಿ ಮೇಳಕ್ಕ ಢೋಲಕ್ ಬಾರಿಸಾಕ ಹೋಗ್ಯಾರ. ನನ್ನ ಮಗಳು ರತ್ನಿ ಉದ್ದ ಆಗ್ಯಾಳ, ನೀ ಹೊಲಿಸಿಕೊಟ್ಟ ಲಂಗ ಈಗ ಮೊಣಕಾಲಿಗೆ ಬರತೈತಿ, ಆದ್ರೂ ಬಿಚ್ಚವಲ್ಲಳು. ಫೋನ್ ಇದ್ದಾಗ ಇಕಿ ಯಾಕ ಕಾಗದ ಬರದ್ಲು ಅಂತೀಯೇನೋ. ಫೋನಿನ್ಯಾಗ ನಾ ಎರಡು ಮಾತು ಆಡೋದ್ರಾಗ ನೀ ಪ್ರಾಕ್ಟೀಸ್ ಐತಿ ಅಂತೀ. ಕಾಗದಕ್ಕ ನೀ ಅಡ್ಡ ಬಾಯಿ ಹಾಕಾಕ ಬರಂಗಿಲ್ಲ. ಅದಕ್ಕ ಮೊದಲಿಂದ ಬರಿತೀನಿ, ನಿಂಗ ಗೊತ್ತಿದ್ದದ್ದೂ ಬರಿತೀನಿ. ಗೊತ್ತಿದ್ದೂ ಮರತಾಕಿಗೆ ಹೇಳಲೇಬೇಕಲ್ಲ.

ಊರೂರು ತಿರುಗಿ ಹಾಡೋರು ನಾವಿಬ್ಬರು. ಇವತ್ತು ಕೊಟ್ಟೂರಿನ ಮದುವಿ ಮನಿ, ನಾಳೆ ಹಡಗಲಿ ಕಡಿ ಗುಡಿ ಕಟ್ಟಿ. ನಮಗ ಸ್ಟುಡಿಯೋಕ್ಕ ಹೋಗಾಕ ಪುರಸೊತ್ತು ಎಲ್ಲಿ ಐತಿ, ಹೆಗಲಿಗೆ ಹಾಕ್ಕೊಂಡು ಹೋಗುವಂಥ ರೆಕಾರ್ಡಿಂಗ್ ಸಾಮಾನು ತರೋಣ ಅಂದಾಕಿ ನೀನು. ಹೊಸಪೇಟಿ ಅಂಗಡ್ಯಾಗ ಆ ಪುಣ್ಯಾತ್ಮ ಮೊದಲು ದೊಡ್ಡ ಮೈಕ್ ತಗದು ಮುಂದ ಇಟ್ಟ. “ಸೂಜಿ ಬಿದ್ರೂ ಹಿಡೀತೈತ್ರಿ ಇದು” ಅಂದ. ನಾವಿಬ್ಬರು ಮುಖ ಮುಖ ನೋಡಿಕೊಂಡು ನಕ್ಕಿದ್ದು ನೆನಪೈತಾ? ನಮ್ಮ ಮನಿ ಮಗ್ಗಲ ಹಿಟ್ಟಿನ ಗಿರಣಿ, ಹಿಂದ ಕುರಿ ಹಟ್ಟಿ. ಅದು ಗಿರಣಿನೂ ಹಿಡೀತಿತ್ತು, ಕುರಿನೂ ಹಿಡೀತಿತ್ತು, ನಮ್ಮನ್ನ ಬಿಡ್ತಿತ್ತು. ಅದಕ್ಕ ಸ್ಟೇಜಿನ ಮ್ಯಾಲ ಹಿಡಕೊಂಡು ಹಾಡ್ತಾರಲ್ಲ, ಬಾಯಿ ಹತ್ರ ಇಟ್ಟಾಗ ಮಾತ್ರ ಕೇಳೋ ಅಂಥಾದ್ದು, ಬಸ್ಸಿನ್ಯಾಗ ಬಿದ್ರೂ ಒಡೀಲಾರದ್ದು, ಅದನ್ನ ಆರಿಸಿದ್ವಿ. ಸ್ಪೀಕರ್ ಬ್ಯಾಡ, ಕಿವಿ ಮುಚ್ಚೋ ಹೆಡ್‌ಫೋನ್ ಸಾಕು ಅಂದಿ. ಕರೆಂಟು ಇಲ್ಲದ ಕಡಿನೂ ನಡೀಬೇಕು ಅಂತ ನಿನ್ನ ಕಾಲೇಜಿನ ಲ್ಯಾಪ್‌ಟಾಪಿನಿಂದನ ಕರೆಂಟು ತಗೊಂಡು ಮೈಕಿನ ದನಿ ಅದರೊಳಗ ಇಳಿಸೋ ಡಬ್ಬಿ ಕೇಳಿದಿ. ಅಲ್ಲೀತನಕ ಎಲ್ಲಾ ಸರಿ ಇತ್ತು. ಡಬ್ಬಿ ಎರಡು ನಮೂನಿ ತೋರಿಸಿದಾಗ ನಮ್ಮಿಬ್ಬರಿಗೂ ಹತ್ತಿಕೊಂತು. ಒಂದಕ್ಕ ಒಂದ ಮೈಕ್ ಹಚ್ಚಾಕ ಬರತಿತ್ತು, ಅಂಗೈಯಾಗ ಹಿಡಿಸೋ ಅಷ್ಟು ಸಣ್ಣದು. ಇನ್ನೊಂದಕ್ಕ ಎರಡು, ಒಂಚೂರು ತೂಕ. ನೀ ಸಣ್ಣದು ಸಾಕು ಅಕ್ಕಾ, ಇಬ್ಬರೂ ಒಂದ ಮೈಕಿನ ಮುಂದ ನಿಂತು ಹಾಡೋಣ, ಬ್ಯಾಗ್ ಹಗುರ ಆಗ್ತೈತಿ ಅಂದಿ. ನಾನ ಹಟ ಹಿಡಿದೆ. ನಿಂದು ಸಣ್ಣ ದನಿ, ನಂದು ಗಡಸು, ಒಂದರಾಗ ಹಾಕಿದ್ರ ನಿಂದು ಮುಚ್ಚಿ ಹೋಗ್ತೈತಿ ಅಂತ ನಂಗ ಚಿಂತಿ. ಅಂಗಡಿಯವನೂ ಅಂದ, ಎರಡು ಮೈಕಿದ್ರ ಇಬ್ಬರ ದನಿ ಬ್ಯಾರೆ ಬ್ಯಾರೆ ಕುಂದ್ರತೈತ್ರಿ, ಒಬ್ಬರು ತಪ್ಪಿದ್ರ ಅವರದಷ್ಟ ತಗದು ತಿದ್ದಬಹುದು ಅಂತ. ನಾ ಕೇಳಿದ್ದು ತಿದ್ದೋ ಮಾತು. ನೀ ಕೇಳಿದ್ದು ತಗಿಯೋ ಮಾತು ಇರಬೇಕು.

ಮನಿಗೆ ತಂದ ಮ್ಯಾಲ ಹಾಡಿದ್ದ ಮೊದಲನೇ ಪದ ಅವ್ವಂದು. ತಗಡಿನ ಮನಿ, ದನಿ ಗೋಡಿಗೆ ಬಡದು ವಾಪಸ್ ಬರತಿತ್ತು, ಅದಕ್ಕ ಸುತ್ತಲೂ ಹಗ್ಗ ಕಟ್ಟಿ ಮನ್ಯಾಗಿನ ಕಂಬಳಿ ಎಲ್ಲಾ ಇಳಿ ಬಿಟ್ವಿ. ಅಕ್ಕ ತಂಗಿ ಕೂಡಿ ಉಚ್ಚಂಗೆಮ್ಮನ ಗುಡ್ಡ ಹತ್ತೋ ಪದ ಅದು. ದಾರಿ ಎಷ್ಟೈತಿ ಅಂತ ತಂಗಿ ಕೇಳತಾಳ, ಅಕ್ಕ ಹೇಳತಾಳ. ನೀರು ಎಲ್ಲೈತಿ ಅಂತಾಳ, ಅಕ್ಕ ತೋರಿಸತಾಳ. ಅವ್ವ ತನ್ನ ಅಕ್ಕನ ಕೂಡ ಹಾಡಿದ್ದು, ಆಮ್ಯಾಲ ನಮಗ ಕಲಿಸಿದ್ದು. ಕೇಳೋ ಸಾಲು ನಿಂಗ, ಹೇಳೋ ಸಾಲು ನಂಗ, ಸಣ್ಣಾಕಿದ್ದಾಗಿಂದ ಹಂಗ ಬಂದೈತಿ. ಗಿರಣಿ ನಿಂತಾಗ ಹಾಡಿ ಮುಗಿಸಿದ್ವಿ. ಹೊಸ್ತಿಲ ಮ್ಯಾಲ ಕುಂತಿದ್ದ ಅವ್ವಗ ಹೆಡ್‌ಫೋನ್ ಹಾಕಿದ್ರ, ಅಕಿ ಕಿವಿ ಮುಚ್ಚಿದ್ದು ಮರತು ಜೋರಾಗಿ, “ಲೇ, ಇಬ್ಬರೂ ನನ್ನ ತಲಿಯೊಳಗ ಹೊಕ್ಕೀರಿ” ಅಂತ ಕೂಗಿದ್ಲು. ನೀ ನಕ್ಕು ನಕ್ಕು ನೆಲಕ್ಕ ಕುಂತಿದ್ದಿ.

ಆಮ್ಯಾಲ ಹುಬ್ಬಳ್ಳಿ ಆರ್ಕೆಸ್ಟ್ರಾದವರು ನಿನ್ನನ್ನ ಕರದ್ರು. ಹೋಗು ಅಂದಾಕಿ ನಾನ. ಸಾಮಾನು ಇಬ್ಬರದೂ ಹೌದು, ಆದ್ರ ತಿರುಗೋಕಿ ನೀನು, ಲಾಡ್ಜಿನ್ಯಾಗ ಕುಂತು ಸಾಧನಿ ಮಾಡಾಕ ಬೇಕಾಗ್ತೈತಿ ಅಂತ ಎರಡೂ ಮೈಕು, ಡಬ್ಬಿ, ಎಲ್ಲಾ ಒಂದು ಕಂಬಳಿಯಾಗ ಸುತ್ತಿ ಬ್ಯಾಗಿಗೆ ನನ್ನ ಕೈಲೇ ಇಟ್ಟೆ. ಹಬ್ಬಕ್ಕ ಬರತೀನಿ ಅಂದಿ. ಯಾವ ಹಬ್ಬ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನಿ ಸಂಕ್ರಾಂತಿ ಆದ ಮ್ಯಾಲ ಹರಪನಹಳ್ಳ್ಯಾಗ ಒಂದು ಸೀಮಂತ ಇತ್ತು. ನೀ ಇಲ್ಲದ್ದಕ್ಕ ನಿನ್ನ ಸಾಲು ಹಾಡಾಕ ಕೊಟ್ಟೂರಿನ ಗೀತಮ್ಮನ್ನ ಕರಕೊಂಡು ಹೋಗಿದ್ದೆ. ನಾವು ಅವ್ವನ ಪದ ಎತ್ತಿದ ಕೂಡ್ಲೆ ಹೆಣ್ಣಮಕ್ಕಳೆಲ್ಲ ಚಪ್ಪಾಳಿ ಹೊಡದ್ರು. ನಂಗ ಎಷ್ಟು ಖುಷಿ ಆತು ಅಂತೀ, ಇಷ್ಟು ದೂರದ ಮಂದಿಗೂ ಅವ್ವನ ಪದ ಗೊತ್ತೈತಲ್ಲ ಅಂತ. ಮುಗಿದ ಮ್ಯಾಲ ಮನಿಯಾಕಿ ಬಂದು ಉಡಿ ತುಂಬಿ ಅಂದ್ಲು, “ಶೃತಿಯವರ ಹಾಡನ್ನ ಭಾಳ ಚೆನ್ನಾಗಿ ಕಲ್ತಿದ್ದೀರಿ ನೋಡ್ರಿ. ಆದರೆ ಅವರ ಹಾಡಲ್ಲಿ ಈ ಎರಡನೇ ದನಿ ಇಲ್ಲ. ಇದು ನೀವೇ ಸೇರಿಸಿದ್ದಾ?” ನಂಗ ತಿಳೀಲಿಲ್ಲ. ಅಕಿನ ಫೋನ್ ತಗದು ಹಚ್ಚಿ ತೋರಿಸಿದ್ಲು. ನಿನ್ನ ಫೋಟೋ, ಕೆಂಪು ಸೀರಿ, ಕೆಳಗ ನಿನ್ನ ಹೆಸರು. ಸಾಹಿತ್ಯ ಅಂತ ಇದ್ದಲ್ಲಿ ನಿನ್ನ ಹೆಸರು, ರಾಗ ಅಂತ ಇದ್ದಲ್ಲಿ ಯಾವನೋ ಕೀಬೋರ್ಡಿನವನ ಹೆಸರು. ನೀ ಕೇಳತಿ, ಕೊಳಲು ಊದತೈತಿ. ಮತ್ತ ಕೇಳತಿ, ಮತ್ತ ಕೊಳಲು. ನಾ ಎಲ್ಲರ ಮುಂದ ಉಡಿಯಕ್ಕಿ ಹಿಡಕೊಂಡು ನಿಂತಿದ್ದೆ. ಇದು ನಮ್ಮ ಅವ್ವಂದು ಅಂತ ಹೇಳಾಕ ಬಾಯಿ ತಗದೆ. ಹೇಳಿದ್ರ ತಂಗಿ ಕಳ್ಳಿ ಆಗ್ತಾಳ, ಹೇಳದಿದ್ರ ನಾ ಆಗ್ತೀನಿ. ಹೌದ್ರಿ, ನಾನ ಸೇರಿಸಿದ್ದು ಅಂದೆ.

ನೀ ಮತ್ತ ಹೊಸದಾಗಿ ಹಾಡಿರಬೇಕು ಅಂತ ನಿನ್ನ ಪರವಾಗಿ ನಾನ ನಂಗ ಹೇಳಿಕೊಂಡೆ. ಮನಿಗೆ ಬಂದು ನಿಮ್ಮ ಮಾಮನ ಇಯರ್‌ಫೋನ್ ಹಾಕ್ಕೊಂಡು ಕೇಳಿದೆ. ನಿನ್ನ ದನಿ ನಿಂತ ಕಡಿ, ಕೊಳಲಿನ ಕೆಳಗ, ಭಾಳ ದೂರದಾಗ ಬಾವಿಯಾಗಿಂದ ಯಾರೋ ಕರದಂಗ ಒಂದು ದನಿ ಐತಿ. ಅದು ನಂದು. ನಿನ್ನ ಮೈಕಿಗೆ ಬಡದಿದ್ದ ನನ್ನ ದನಿಯ ಚೂರು, ನಿಂಗ ತಗಿಯಾಕ ಬಂದಿಲ್ಲ. ಒಂದ ಮೈಕ್ ತಂದಿದ್ರ ಇಬ್ಬರೂ ಕಲೆತು ಹೋಗಿರತಿದ್ವಿ, ಯಾರಿಗೂ ಬಿಡಿಸಾಕ ಬರತಿರಲಿಲ್ಲ. ನಿನ್ನ ದನಿ ಮುಚ್ಚಬಾರದು ಅಂತ ನಾ ಕೇಳಿ ತರಿಸಿದ ಎರಡನೇ ಮೈಕಿನಿಂದನ ನೀ ನನ್ನನ್ನ ಹಸನಾಗಿ ಹೊರಗ ಹಾಕಿದಿ. ಅವ್ವನೂ ಕೇಳಿದ್ಲು. ಪೂರ್ತಿ ಕೇಳಿ, “ಯಾಕ ಸಿದ್ದವ್ವ, ಇಕಿ ಒಬ್ಬಾಕಿನ ಗುಡ್ಡ ಹತ್ತಾಕತ್ತ್ಯಾಳ? ನೀ ಎಲ್ಲಿ ಹೋಗಿದ್ದಿ?” ಅಂದ್ಲು. ನಾ ಒಲಿ ಮುಂದ ಕುಂತು ಉರಿ ಊದಿದೆ.

ಆವತ್ತ ಫೋನ್ ಮಾಡಿದಾಗ ನೀ ಏನಂದಿ? “ಕಂಪನಿಯವರು ಒಂದ ದನಿ ಸಾಕು ಅಂದ್ರು ಅಕ್ಕಾ. ನಿನ್ನ ದನಿ ಹಳೇ ಕಾಲದ್ದು ಅನಿಸ್ತೈತಂತ.” ಕಂಪನಿಯವರಿಗೆ ನಾ ಯಾರೂ ಅಲ್ಲ, ಅವರ ಮ್ಯಾಲ ನಂಗ ಸಿಟ್ಟಿಲ್ಲ. ಅವರು ಅಂದ ಮಾತನ್ನ ಒಂದು ಚೂರೂ ತಡವರಿಸದ ನಂಗ ದಾಟಿಸಿದಿಯಲ್ಲ, ಅದು ಇನ್ನೂ ಚುಚ್ಚತೈತಿ. ಹಾಡು ನಿಂದ ಅಂತ ಇರಲಿ. ನಾ ಎಲ್ಲೂ ಬಾಯಿ ಬಿಡಂಗಿಲ್ಲ. ಆದ್ರ ಅವ್ವನ ಹೆಸರು ಪಕ್ಕೀರಮ್ಮ, ಬರಿಯಾಕ ಭಾಳ ಜಾಗ ಬೇಕಾಗಂಗಿಲ್ಲ. ನೀ ಬರತೀನಿ ಅಂದ್ರ ಬಾ, ಅವ್ವ ದಾರಿ ನೋಡತಾಳ, ಬಾಗಿಲು ತಗದಿರತೈತಿ. ನಾ ನಕ್ಕೋತ ಎದುರು ಬರತೀನಿ ಅಂತ ಮಾತ್ರ ತಿಳಕೋಬ್ಯಾಡ.

ಅವ್ವ ನಿನ್ನ ತಲಿ ಮ್ಯಾಲ ಕೈಯಿಟ್ಟು ಹರಸ್ಯಾಳ ಅಂತ ತಿಳಕೋ. ಉಚ್ಚಂಗೆಮ್ಮ ನಿನ್ನ ದನಿ ಕಾಯಲಿ. ಸಿಟ್ಟಿನ್ಯಾಗ ಬರದ್ರೂ ಈ ಮಾತು ಖರೇನ ಬರದೀನಿ.

ನಿನ್ನ ಅಕ್ಕ,
ಮರುಳಸಿದ್ದಮ್ಮ

ತಾ.ಕ.: ಪೋಸ್ಟಿನವ ಬರೋ ಹೊತ್ತಾತು, ಲಗೂನ ಬರಿತೀನಿ. ಹರಪನಹಳ್ಳಿಯಿಂದ ಬಂದ ಮ್ಯಾಲ ನನ್ನ ದನಿ ಒಡದೈತಿ. ಸಿಟ್ಟಿಗೆ ಹಿಂಗಾಗೈತಿ ಅಂತ ತಿಳಕೊಂಡಿದ್ದೆ, ಅಲ್ಲಂತ. ಕೊಳ್ಳಾಗ ಥೈರಾಯ್ಡ್ ಗಡ್ಡಿ ಬೆಳದೈತಿ, ಬರೋ ಸೋಮವಾರ ದಾವಣಗೇರ್‍ಯಾಗ ಆಪರೇಷನ್. ದನಿಯ ನರ ಗಡ್ಡಿಗೆ ಹತ್ತಿಕೊಂಡೈತಿ, ಜೀವಕ್ಕ ಏನೂ ಇಲ್ಲ, ದನಿದು ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರು. ಅವ್ವಗ ಹೇಳಿಲ್ಲ. ರತ್ನಿಗೆ ನನ್ನ ಸಾಲು ಕಲಿಸಬೇಕು, ಈ ಒಡಕು ದನಿಯಾಗ ಕಲಿಸಾಕ ಆಗವಲ್ಲದು. ನೀ ಹಾಡಿನ್ಯಾಗಿಂದ ತಗದ ನನ್ನ ದನಿ ಲ್ಯಾಪ್‌ಟಾಪಿನ್ಯಾಗ ಇನ್ನೂ ಇದ್ರ ಮಾಮನ ಫೋನಿಗೆ ಕಳಿಸು. ಅಳಿಸಿಬಿಟ್ಟಿದ್ರ, ಅದನ್ನೂ ಮಾಮಗ ಹೇಳು. ನಂಗ ಹೇಳಬ್ಯಾಡ.